ಆರುವ ಬೆಳಕನ್ನು ನೋಡಲು ಕಲಿಸಿದವರು

ಮೇಡಂ ಅವರ ಬಲಗೈಯ ಮೂರು ಬೆರಳುಗಳ ತುದಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಹಗಲಿನಲ್ಲಿ ನೋಡಿದರೆ ಅವು ಸೀಮೆಸುಣ್ಣ ಹಿಡಿದು ಹಿಡಿದು ಒಣಗಿದ, ಉಗುರು ಮೋಟಾಗಿ ಕತ್ತರಿಸಿದ, ಯಾವ ಮೇಷ್ಟ್ರಿಗಾದರೂ ಇರುವಂಥ ಬೆರಳುಗಳು. ಲ್ಯಾಬಿನ ಮೂಲೆಯ ಪುಟ್ಟ ಕೋಣೆಗೆ ಹೋಗಿ, ಕಿಟಕಿಗೆ ಕಪ್ಪು ಬಟ್ಟೆ ಎಳೆದು, ನೇರಳೆ ದೀಪದ ಗುಂಡಿ ಒತ್ತಿದಾಗ ಮಾತ್ರ ಆ ಮೂರು ತುದಿಗಳು ಬೂದಿಯೊಳಗಿನ ಕೆಂಡದಂತೆ, ಆದರೆ ತಣ್ಣಗೆ, ಬೆಳಗುತ್ತಿದ್ದವು. ದಿನವೂ ಹೊಳೆಯುವ ಕಾಗದದ ಪಟ್ಟಿಗಳನ್ನು ಮಡಿಸಿ, ಕತ್ತರಿಸಿ, ಡಬ್ಬಿಗೆ ತುಂಬುತ್ತಿದ್ದ ಕೈ ಅದು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ಉಳಿಯುತ್ತಿತ್ತು. "ನಾನು ಕಲಿಯುವ ಕಾಲಕ್ಕೆ ಕೈಗವಸು ಅಂದ್ರೆ ಲಕ್ಸುರಿ. ನೀವು ಹಾಕ್ದೇ ಮುಟ್ಟಿದ್ರೆ ಬೈತೀನಿ," ಎನ್ನುತ್ತಿದ್ದರು.

ಮೊದಲ ಸಲ ಆ ಕೋಣೆಗೆ ಹೋದಾಗ ನಾನು ರಸಾಯನಶಾಸ್ತ್ರದ ಎಂ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ಚನ್ನರಾಯಪಟ್ಟಣದಿಂದ ದಿನವೂ ಹಾಸನಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅಪ್ಪನದು ತೆಂಗಿನಕಾಯಿ ವ್ಯಾಪಾರ. ಬಸ್ಸು ಶಾಂತಿಗ್ರಾಮ ದಾಟುವ ಹೊತ್ತಿಗೆ ನಿದ್ದೆ ಹತ್ತಿ, ಹಾಸನದ ನಿಲ್ದಾಣದಲ್ಲಿ ಕಂಡಕ್ಟರು ಎಬ್ಬಿಸಬೇಕಾಗುತ್ತಿತ್ತು. ಪ್ರಾಜೆಕ್ಟಿಗೆ ನನಗೆ ಮೇಡಂ ಗೈಡ್ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ನನಗೆ ಔಷಧಿಗಳ ಮೇಲೆ ಕೆಲಸ ಮಾಡುವ ಆಸೆ. ಬದಲಾಯಿಸಿಕೊಡಿ ಎಂದು ಕೇಳಲು ಹೋಗಿದ್ದೆ.

"ಬದಲಾಯಿಸ್ಕೊಡೋಣ. ಅದಕ್ಕೆ ಮುಂಚೆ ಎರಡು ನಿಮಿಷ ಬನ್ನಿ," ಎಂದು ಕತ್ತಲ ಕೋಣೆಗೆ ಕರೆದುಕೊಂಡು ಹೋದರು. ಬೆರಳಗಲದ ಕಾಗದದ ಪಟ್ಟಿಯೊಂದನ್ನು ದೀಪದ ಕೆಳಗೆ ಹಿಡಿದರು. ಅದು ಚಳಿಗಾಲದ ಬೆಳಗಿನ ಆಕಾಶದ ಬಣ್ಣದಲ್ಲಿ ಹೊಳೆಯಿತು. ಆಮೇಲೆ ಒಂದು ಪುಟ್ಟ ಸೀಸೆಯ ಮುಚ್ಚಳ ತೆಗೆದು, ಅದರ ಬಾಯಿಯ ಮೇಲೆ ಪಟ್ಟಿಯ ತುದಿಯನ್ನು ಒಡ್ಡಿದರು. ಸೀಸೆಯೊಳಗೆ ಕಣ್ಣಿಗೆ ಕಾಣುವಂಥದ್ದು ಏನೂ ಇದ್ದಂತಿರಲಿಲ್ಲ. ಕಾಗದ ಸೀಸೆಯನ್ನು ಮುಟ್ಟಲೂ ಇಲ್ಲ. ಆದರೂ ನಾನು ನೋಡುತ್ತಿದ್ದಂತೆಯೇ ಆ ತುದಿಯ ಬೆಳಕು ಮೆಲ್ಲಗೆ ಕುಗ್ಗಿ, ಕುಗ್ಗಿ, ಆರಿಹೋಯಿತು. ಮಿಕ್ಕ ಕಾಗದ ಹಾಗೆಯೇ ಹೊಳೆಯುತ್ತಿತ್ತು.

"ಏನು ಕಾಣ್ತು?"

"ಏನೂ ಕಾಣ್ಲಿಲ್ಲ ಮೇಡಂ. ಬೆಳಕು ಹೋಯ್ತು."

"ಅದೇ ಕಾಣಬೇಕಾಗಿದ್ದು," ಎಂದರು. "ಸೀಸೇಲಿ ಇದ್ದದ್ದು ಸಿಡಿಮದ್ದಿನ ಜಾತಿಯ ಒಂದು ವಸ್ತು. ಸಿಡಿಯೋ ಅಷ್ಟು ಇಲ್ಲ, ಹೆದರ್ಬೇಡಿ. ಅದರ ಆವಿ ಬಂದು ಕಾಗದದ ಮೇಲೆ ಕೂತಿದೆ. ನಿಮ್ಮ ಮೂಗಿಗೆ ಗೊತ್ತಾಗಲ್ಲ, ನನ್ನ ಮೂಗಿಗೂ ಗೊತ್ತಾಗಲ್ಲ. ಕಾಗದಕ್ಕೆ ಗೊತ್ತಾಯ್ತು."

ಇನ್ನೊಂದು ಸಲ ತೋರಿಸಿ ಎಂದೆ. ಗೈಡ್ ಬದಲಾಯಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಎಂ.ಎಸ್ಸಿ. ಮುಗಿದು ಪಿಎಚ್‌ಡಿಯೂ ಅವರ ಬಳಿಯೇ ಆಯಿತು. ಒಟ್ಟು ಒಂಬತ್ತು ವರ್ಷ ಅವರ ಹಿಂದೆ ಓಡಾಡಿದೆ.

ಅವರು ಪಾಠ ಮಾಡುವಾಗ ದೊಡ್ಡ ಪದಗಳು ಕೊನೆಗೆ ಬರುತ್ತಿದ್ದವು. ಮೊದಲು ಊಟ ಬರುತ್ತಿತ್ತು, ಹೊಲ ಬರುತ್ತಿತ್ತು. "ಈ ಹೊಳೆಯೋ ಅಣು ಇದೆಯಲ್ಲ, ಇದು ಕಣ್ಣಿಗೆ ಕಾಣದ ಬೆಳಕನ್ನ ಉಂಡು, ಕಾಣೋ ಬೆಳಕನ್ನ ವಾಪಸ್ ಕೊಡುತ್ತೆ. ಮದ್ದಿನ ಅಣು ಬಂದು ಪಕ್ಕದಲ್ಲಿ ಕೂತ್ರೆ, ಅದು ಇದರ ಕೈಲಿರೋ ತುತ್ತನ್ನ ಕಿತ್ಕೊಂಡುಬಿಡುತ್ತೆ. ತುತ್ತು ಹೋದ ಮೇಲೆ ಇದು ಏನು ಕೊಟ್ಟೀತು? ಸುಮ್ನೆ ಕೂತ್ಕೊಳುತ್ತೆ." ಒಂದು ದಿನ ಗಣಪತಿ ಹಬ್ಬಕ್ಕೆ ಹಾಕುವ ಸೀರಿಯಲ್ ಸೆಟ್ ತಂದು ಕರಿಹಲಗೆಯ ಮೇಲೆ ಇಳಿಬಿಟ್ಟು ಬೆಳಗಿಸಿದರು. ಹಳೆಯ ಕಾಲದ ಸೆಟ್ಟು. ನಡುವಿನ ಒಂದೇ ಒಂದು ಬಲ್ಬನ್ನು ಕಿತ್ತರು. ಇಡೀ ಸರ ಆರಿತು. "ಹೊಳೆಯೋ ಅಣುಗಳನ್ನ ಒಂದೊಂದಾಗಿ ಬಿಟ್ರೆ, ಒಂದು ಆರಿದ್ದು ನಮಗೆ ಗೊತ್ತೇ ಆಗಲ್ಲ. ಹಿಂಗೆ ಸರ ಪೋಣಿಸಿಬಿಟ್ರೆ, ಮದ್ದಿನ ಒಂದು ಕಣ ಎಲ್ಲೇ ಕಚ್ಚಲಿ, ಸರಕ್ಕೆ ಸರವೇ ಆರುತ್ತೆ. ಅದಕ್ಕೇ ಅಷ್ಟು ಚೂರಿದ್ರೂ ಕಾಣೋದು." ಅಂಥದ್ದೊಂದು ಸರವನ್ನು ಕಣ್ಣಿಗೆ ಕಾಣದ ಗಾತ್ರದಲ್ಲಿ, ಅಣು ಅಣು ಜೋಡಿಸಿ, ಈ ಹೆಂಗಸು ಹಾಸನದ ಒಂದು ಸೋರುವ ಲ್ಯಾಬಿನಲ್ಲಿ ಕೂತು ಕಟ್ಟುತ್ತಾರೆ ಎನ್ನುವುದನ್ನು ನೆನೆದರೆ ನನಗೆ ಈಗಲೂ ಬೆರಗು.

ಅವರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ನಮ್ಮ ಲ್ಯಾಬ್ ಪುಸ್ತಕದಲ್ಲಿ ಪ್ರಯೋಗದ ಫಲಿತಾಂಶಕ್ಕೆ "ಇಲ್ಲ" ಎಂದು ಬರೆದರೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ "ಕಾಣಲಿಲ್ಲ" ಎಂದು ತಿದ್ದುತ್ತಿದ್ದರು. ಹಾಜರಿ ಕೂಗುವಾಗ ಯಾರಾದರೂ "ಅವಳಿಲ್ಲ ಮೇಡಂ" ಎಂದರೆ, "ಇಲ್ಲಿ ಕಾಣ್ತಿಲ್ಲ ಅನ್ನಿ. ಕ್ಯಾಂಟೀನಲ್ಲಿ ಇರಬಹುದು," ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು. ಅದು ಬರೀ ತಮಾಷೆಯಲ್ಲ ಎಂದು ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು.

ಕಾಗದದ ಪಟ್ಟಿಗಳು ಲ್ಯಾಬಿನಲ್ಲಿ ತಪ್ಪಿಲ್ಲದೆ ಕೆಲಸ ಮಾಡತೊಡಗಿದ ಮೇಲೆ ಮೇಡಂ ಅವನ್ನು ಹೊರಗೆ ಪರೀಕ್ಷಿಸಬೇಕು ಎಂದರು. ಅರಕಲಗೂಡು ಕಡೆಯ ಒಂದು ಕಲ್ಲು ಕ್ವಾರಿಯವರು ಒಪ್ಪಿದರು. ಅಲ್ಲಿ ಬಂಡೆಗೆ ಕುಳಿ ಕೊರೆದು, ಮದ್ದು ತುಂಬಿ ಸಿಡಿಸಿದ ಮೇಲೆ, ಯಾವುದಾದರೊಂದು ಕುಳಿಯ ಮದ್ದು ಸಿಡಿಯದೆ ಹಾಗೇ ಉಳಿದುಬಿಡುವುದುಂಟು. ಕೆಲಸದವರು ಅದರ ಮೇಲೆ ಮತ್ತೆ ಕೊರೆಯಲು ಹೋದರೆ ಮುಗಿಯಿತು. ಅಂಥ ಉಳಿದ ಮದ್ದನ್ನು ನಮ್ಮ ಕಾಗದ ತೋರಿಸಬಲ್ಲುದೇ? ಅದು ಪ್ರಶ್ನೆ.

ಒಳಗೆಲ್ಲ ಕಪ್ಪು ಬಣ್ಣ ಬಳಿದ ರಟ್ಟಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದೆವು. ಬಿಸಿಲಿನಲ್ಲೂ ಅದರೊಳಗೆ ಪಟ್ಟಿ ಇಟ್ಟು, ದೀಪ ಹಾಕಿ, ಮೇಲಿನ ತೂತಿನಿಂದ ನೋಡಬಹುದಿತ್ತು. ಸಿಡಿಸಿದ ಬಂಡೆಯ ಚೂರನ್ನು ಕಾಗದದಿಂದ ಒರೆಸಿ ನೋಡಿದೆವು. ಬೆಳಕು ಆರಿತು. ಇನ್ನೊಂದು ಚೂರು. ಆರಿತು. ಕ್ವಾರಿಯ ಮೇಸ್ತ್ರಿ ತೂತಿನೊಳಗೆ ಇಣುಕಿ, "ಅಬ್ಬಬ್ಬಾ!" ಎಂದ. ಕೆಲಸದವರೆಲ್ಲ ಸಾಲು ನಿಂತು ಇಣುಕಿದರು. ನನಗೆ ಕುಣಿಯುವಷ್ಟು ಖುಷಿ.

ಮೇಡಂ ಮಾತ್ರ ಕ್ವಾರಿಯಿಂದಾಚೆ ದೂರ ನಡೆದುಹೋದರು. ರಾಗಿ ಹೊಲದ ಬದುವಿನಲ್ಲಿದ್ದ ಒಂದು ಕಲ್ಲನ್ನು ಹೊಸ ಪಟ್ಟಿಯಿಂದ ಒರೆಸಿ ತಂದು ಪೆಟ್ಟಿಗೆಯೊಳಗೆ ಇಟ್ಟರು. ಅದೂ ಆರಿತು.

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. "ಏನ್ ಮೇಡಮ್ಮೋರೇ, ಅಂಗಾರೆ ನಮ್ಮೂರ್ ವಲದಲ್ಲೆಲ್ಲಾ ಮದ್ದೇ ಬೆಳ್ದದೆ ಅನ್ನಿ! ಇನ್ಮ್ಯಾಕೆ ಮುದ್ದೆ ಉಣ್ಣಾಕೂ ಭಯ ಬೀಳ್ಬೇಕು!" ಕೆಲಸದವರೆಲ್ಲ ಗೊಳ್ಳೆಂದರು. ನನಗೆ ಅಳುವೇ ಬಂತು. ಮೇಡಂ ತಾವೂ ಅವರೊಂದಿಗೆ ನಕ್ಕು, "ಸರಿಯಾಗಿ ಹೇಳಿದ್ರಿ ಮೇಸ್ತ್ರೀ. ಇದು ಮದ್ದಲ್ಲ, ನಿಮ್ಮೂರ ಕೆಂಪು ಮಣ್ಣು. ಮಣ್ಣಲ್ಲಿರೋ ಕಬ್ಬಿಣಾನೂ ನನ್ನ ಬೆಳಕನ್ನ ಆರಿಸ್ತಾ ಇದೆ," ಎಂದು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಒಂದು ಚೀಲದ ತುಂಬ ಆ ಮಣ್ಣನ್ನೇ ತುಂಬಿಸಿಕೊಂಡರು.

ಬಸ್ಸಿನಲ್ಲಿ ನಾನು ಸಪ್ಪಗೆ ಕೂತಿದ್ದೆ. "ಹೊಲದ ಕಲ್ಲನ್ನ ಯಾಕೆ ಒರೆಸಿದ್ರಿ ಮೇಡಂ? ಅವರೆಲ್ಲ ನಂಬಿದ್ರು."

"ನಂಬಿದ್ರು. ಅದಕ್ಕೇ ಒರೆಸಿದ್ದು," ಎಂದರು. "ಒರೆಸದೇ ಬಂದಿದ್ರೆ ಇವತ್ತು ಗೆದ್ದು ಮನೆಗೆ ಹೋಗ್ತಿದ್ದೆ. ನಾಳೆ ಯಾರೋ ಆ ಸುಳ್ಳಿನ ಮೇಲೆ ಕಾಲಿಡ್ತಿದ್ದ."

ಅವತ್ತು ಅವರು ನನ್ನನ್ನು ಚನ್ನರಾಯಪಟ್ಟಣಕ್ಕೆ ಹೋಗಲು ಬಿಡದೆ ಹಾಸನದ ತಮ್ಮ ಮನೆಗೆ ಕರೆದೊಯ್ದರು. ಎರಡು ಕೋಣೆಯ ಬಾಡಿಗೆ ಮನೆ. ಗೋಡೆಯ ಮೇಲೆ ಬುದ್ಧನ ಒಂದು ಪಟ, ಅದರ ಕೆಳಗೆ ಪುಸ್ತಕಗಳು. ಜಗಲಿಯಲ್ಲಿ ಒಬ್ಬ ಹಿರಿಯರು ರೇಡಿಯೊ ಕಿವಿಗೆ ಹಿಡಿದು ಕೂತಿದ್ದರು. ಎರಡೂ ಕಣ್ಣಿಲ್ಲ. ಹಣೆಯಿಂದ ಕೆನ್ನೆಯವರೆಗೆ ಚರ್ಮದಡಿ ನೀಲಿ ಚುಕ್ಕೆಗಳು, ಸಾಸಿವೆ ಎರಚಿದಂತೆ.

"ಜೊತೇಲಿ ಯಾರೋ ಬಂದವ್ರೆ. ಎಣ್ಮಗ. ಅಳ್ತಾ ಬಂದದೆ," ಎಂದರು ಅವರು, ನಾನು ಬಾಯಿ ತೆರೆಯುವ ಮೊದಲೇ.

"ನನ್ನ ಸ್ಟೂಡೆಂಟು ಚಿಕ್ಕಪ್ಪ. ಕಾಗದ ಫೇಲಾಯ್ತು ಅಂತ ಬೇಜಾರು."

"ಎಂಗ್ ಫೇಲಾತು?"

"ಇಲ್ಲದ ಕಡೇನೂ ಇದೆ ಅಂತು."

"ಅದ್ಕೆ ಅಳ್ಬ್ಯಾಡ ಕಣವ್ವ," ಎಂದು ಅವರು ನನ್ನತ್ತ ಮುಖ ತಿರುಗಿಸಿದರು. "ಇಲ್ಲದ್ದ ಅದೆ ಅಂದ್ರೆ ಜನ ನಗ್ತಾರೆ, ಅಷ್ಟೆಯಾ. ಇರಾದ್ನ ಇಲ್ಲ ಅಂದ್ರೆ ಇಂಗಾಯ್ತದೆ," ಎನ್ನುತ್ತಾ ತಮ್ಮ ಕಣ್ಣುಗಳನ್ನು ತೋರಿಸಿಕೊಂಡರು.

ಮೇಡಂ ಒಳಗೆ ಮುದ್ದೆ ತಿರುವುತ್ತಿದ್ದರು. ಚಿಕ್ಕಪ್ಪ ಹೊರಗೆ ನನಗೆ ಕಥೆ ಹೇಳಿದರು. ಅವರೂ ಮೇಡಂ ಅವರ ತಂದೆಯೂ ಅಣ್ಣತಮ್ಮಂದಿರು. ಇಬ್ಬರೂ ಕ್ವಾರಿಯಲ್ಲಿ ಕೂಲಿ. ಅಣ್ಣ ಮದ್ದು ತುಂಬಿ ಬತ್ತಿಗೆ ಬೆಂಕಿ ಕೊಡುವವರು, ತಮ್ಮ ಬಂಡೆ ಕೊರೆಯುವವರು.

"ಆವತ್ತು ಒಂಬತ್ ಕುಳಿ ತುಂಬಿದ್ವು. ನಮ್ಮಣ್ಣ ಬಂಡೆ ಮರೇಲಿ ಕೂತು ಎಣಿಸ್ತಾವ್ನೆ. ಸಿಡಿದಿದ್ದು ಎಂಟೇಯ. ಆದ್ರೆ ಗಾಳಿ ಎಂಗ್ ಬೀಸ್ತಿತ್ತೋ ಏನೋ, ಎದ್ರುಗಡೆ ಗುಡ್ಡ ಒಂದ್ ಸದ್ದ ತಿರುಗ್ಸಿ ಕೂಗ್ಬುಡ್ತು. ದಿನಾ ಕೂಗ್ದಿರೋ ಗುಡ್ಡ. ಅಣ್ಣಂಗೆ ಒಂಬತ್ತು ಲೆಕ್ಕ ಸಿಕ್ತು. 'ಎಲ್ಲಾ ಆತು, ಇನ್ನೇನಿಲ್ಲ, ಓಗ್ಲಾ' ಅಂದ. ನಾ ಓದೆ. ಬೈರಿಗೆ ಇಟ್ಟೆ. ಅಷ್ಟೆಯಾ ನಾ ನೋಡಿದ್ದು."

ಅವರು ರೇಡಿಯೊ ಆರಿಸಿ ಪಕ್ಕಕ್ಕಿಟ್ಟರು.

"ನಮ್ಮಣ್ಣಂದು ತಪ್ಪಿಲ್ಲ ಕಣವ್ವ. ಸುಳ್ಳೇಳಿದ್ದು ಗುಡ್ಡ. ಆದ್ರೆ ಅವ ಒಪ್ಲಿಲ್ಲ. ಕ್ವಾರಿ ಬುಟ್ಟ. ಸಾಯೋಗಂಟ ಅವನ್ ಬಾಯಲ್ಲಿ ಇಲ್ಲ ಅನ್ನೋ ಮಾತೇ ಬರ್ಲಿಲ್ಲ. ಮನೇಲಿ ಉಪ್ಪಿಲ್ವಾ ಅಂದ್ರೂ, 'ತಡಿ, ನೋಡ್ಬೇಕು' ಅನ್ನೋನು." ಅವರು ನಕ್ಕರು. "ಈ ಮಗೀಗೆ ಆವಾಗ ಏಳ್ ವರ್ಸ. ನನ್ ಕೈ ಇಡ್ಕಂಡು ಆಸ್ಪತ್ರೆಗೆಲ್ಲಾ ಅವಳೇ ಓಡಾಡ್ಸಿದ್ಲು. ಇವತ್ತಿಗೂ ಕೈ ಬುಟ್ಟಿಲ್ಲ."

ಒಳಗಿನಿಂದ ಮೇಡಂ, "ಚಿಕ್ಕಪ್ಪ, ಆ ಹುಡುಗಿಗೆ ಊಟ ಸೇರದ ಹಂಗೆ ಮಾಡ್ಬೇಡ, ಬಾ," ಎಂದು ಕೂಗಿದರು. ಮುದ್ದೆ, ಹುರುಳಿಕಾಳಿನ ಸಾರು. ಚಿಕ್ಕಪ್ಪನ ತಟ್ಟೆಯಲ್ಲಿ ಮುದ್ದೆ ಯಾವ ಕಡೆ, ಸಾರು ಯಾವ ಕಡೆ ಎಂದು ಅವರ ಬೆರಳು ಹಿಡಿದು ತೋರಿಸಿ, ಆಮೇಲೆ ಮೇಡಂ ಉಣ್ಣಲು ಕೂತರು.

ಮುಂದಿನ ಒಂದೂವರೆ ವರ್ಷ ಕೆಂಪು ಮಣ್ಣಿನ ಜೊತೆ ಜಗಳ. ಮದ್ದಿಗೆ ಆರಬೇಕು, ಕಬ್ಬಿಣಕ್ಕೆ ಆರಬಾರದು, ಅಂಥ ಅಣು ಬೇಕು. ಮೇಡಂ ಒಂದಾದ ಮೇಲೊಂದು ಕಟ್ಟಿದರು. ಕಬ್ಬಿಣಕ್ಕೆ ಆರದಿರುವುದು ಮದ್ದಿಗೂ ಆರುತ್ತಿರಲಿಲ್ಲ. ಮದ್ದಿಗೆ ಚೆನ್ನಾಗಿ ಆರುವುದು ಕಬ್ಬಿಣಕ್ಕೆ ಇನ್ನೂ ಚೆನ್ನಾಗಿ ಆರುತ್ತಿತ್ತು. ಪ್ರತಿ ಸೋಲಿಗೂ ಅವರು ಪುಸ್ತಕದಲ್ಲಿ ಒಂದು ಪುಟ ತುಂಬ ಬರೆಯುತ್ತಿದ್ದರು. ನಾನಾಗಿದ್ದರೆ ಒಂದು ಗೆರೆ ಎಳೆದು ಪುಟ ತಿರುಗಿಸುತ್ತಿದ್ದೆ.

ಆ ದಿನಗಳಲ್ಲಿ ನನ್ನ ಸೋದರತ್ತೆಯ ಮಗಳ ಮದುವೆಯಾಯಿತು. ಮದುವೆ ಮುಗಿಸಿ ಬಂದವಳು ಎರಡೂ ಕೈಗೆ ಮದರಂಗಿ, ಉಗುರಿಗೆ ಕೆಂಪು ಪಾಲಿಶ್ ಹಾಕಿಕೊಂಡೇ ಲ್ಯಾಬಿಗೆ ನುಗ್ಗಿದೆ. ಮೇಡಂ ಕಣ್ಣು ಬಿಟ್ಟರು. "ಆ ಬಣ್ಣ ತೆಗೆದು ಬನ್ನಿ. ಕಾಗದಕ್ಕೆ ಹತ್ತಿದ್ರೆ ಇವತ್ತಿನ ಕೆಲಸ ಹೋಯ್ತು." ಬಾಟಲಿಯಿಂದ ಒಂದಿಷ್ಟು ಅಸಿಟೋನ್ ಹತ್ತಿಗೆ ಹಾಕಿಕೊಂಡು ಅವರೆದುರೇ ಉಗುರು ಉಜ್ಜತೊಡಗಿದೆ. ಬಣ್ಣವೆಲ್ಲ ಹತ್ತಿಗೆ ಬಂತು.

ಮೇಡಂ ನನ್ನ ಮಣಿಕಟ್ಟು ಹಿಡಿದುಕೊಂಡರು. ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು. "ಮದರಂಗೀನೂ ಉಜ್ಜಿ."

ಉಜ್ಜಿದೆ. ಅದು ಒಂದಿಷ್ಟೂ ಬಿಡಲಿಲ್ಲ.

"ಪಾಲಿಶ್ ಬಂತು, ಮದರಂಗಿ ಉಳೀತು," ಎಂದರು ನಿಧಾನವಾಗಿ. ಆಮೇಲೆ ಹಣೆ ಚಚ್ಚಿಕೊಂಡು ನಗತೊಡಗಿದರು. ನಗುತ್ತ ನಗುತ್ತ ಸ್ಟೂಲಿನ ಮೇಲೆ ಕೂತರು. "ಒಂದೂವರೆ ವರ್ಷದಿಂದ ಅಣು ಬದಲಾಯಿಸ್ತಾ ಕೂತಿದೀನಲ್ರೀ! ಬದಲಾಯಿಸ್ಬೇಕಾಗಿರೋದು ಒರೆಸೋ ರೀತಿ! ಮದ್ದು ಅಸಿಟೋನಲ್ಲಿ ಕರಗುತ್ತೆ, ಮಣ್ಣಿನ ಕಬ್ಬಿಣ ಕರಗಲ್ಲ. ಕಲ್ಲನ್ನ ಕಾಗದದಿಂದ ಯಾಕೆ ಒರೆಸ್ಬೇಕು? ಹತ್ತೀಲಿ ಒರೆಸಿ, ಸೋಸಿ, ಆ ತೊಟ್ಟನ್ನ ಮಾತ್ರ ಕಾಗದದ ಮೇಲೆ ಬಿಟ್ರೆ ಸಾಕಲ್ಲ! ಗೊತ್ತಿರೋ ವಿಷಯವೇ. ಗೊತ್ತಿದ್ದೂ ಹೊಳೀಲಿಲ್ಲ."

ಸಂಜೆಯೊಳಗೆ ಮಾಡಿ ನೋಡಿದೆವು. ಬರೀ ಮಣ್ಣಿನ ತೊಟ್ಟು ಬಿದ್ದ ಕಾಗದ ಹಾಗೇ ಹೊಳೆಯಿತು. ಮದ್ದಿನ ಅಂಶ ಬೆರೆಸಿದ ಮಣ್ಣಿನ ತೊಟ್ಟು ಬಿದ್ದ ಕಡೆ ದುಂಡಗೆ, ಕಾಸಿನಗಲ, ಕಪ್ಪಾಯಿತು. ಮೇಡಂ ಆ ಪ್ರಯೋಗದ ವರದಿಯಲ್ಲಿ ನನ್ನ ಹೆಸರನ್ನು ತಮ್ಮ ಹೆಸರಿಗಿಂತ ಮೊದಲು ಹಾಕಿದರು. ಉಗುರು ಉಜ್ಜಿದ್ದಕ್ಕೆ ಇದೆಲ್ಲ ಬೇಡ ಮೇಡಂ ಎಂದೆ. "ನನ್ನೆದುರಿಗೆ ಉಜ್ಜಿದ್ರಲ್ಲ, ಅದಕ್ಕೆ," ಎಂದರು.

ಅವರು ಯಾರೆಂದು ನಾನು ಪೂರ್ತಿಯಾಗಿ ಕಂಡದ್ದು ಅದಾದ ಮರುವರ್ಷ. ಹೊಳೆನರಸೀಪುರದ ಆಚೆ ಒಂದು ಊರಿನ ಪಕ್ಕದಲ್ಲಿ ಎಷ್ಟೋ ವರ್ಷದಿಂದ ಮುಚ್ಚಿಹೋಗಿದ್ದ ಕ್ವಾರಿಯೊಂದಿತ್ತು. ಅದನ್ನು ಸಮ ಮಾಡಿ ಅಂಗನವಾಡಿ ಕಟ್ಟುವ ಕೆಲಸ ಶುರುವಾಗಿತ್ತು. ಪೊದೆ ಕಡಿದಾಗ ಬಂಡೆಯಲ್ಲಿ ಆರು ಹಳೆಯ ಕುಳಿಗಳು ಕಂಡವು. ಆಡು ಮೇಯಿಸುವ ಹೆಂಗಸೊಬ್ಬಳು ಒಂದು ಕುಳಿಯಲ್ಲಿ ವೈರಿನ ಚೂರು ನೋಡಿ ಊರಲ್ಲಿ ಹೇಳಿದಳು. ಆ ಊರಿನ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೇಡಂಗೆ ಫೋನ್ ಮಾಡಿದಳು. "ಮೊದಲು ಪೊಲೀಸ್ನೋರಿಗೆ ಹೇಳಿ. ಯಾರೂ ಹತ್ತಿರ ಹೋಗ್ಬೇಡಿ," ಎಂದರು ಮೇಡಂ. ಮರುದಿನ ಬೆಳಿಗ್ಗೆ ನಾವಿಬ್ಬರೂ ಅಲ್ಲಿಗೆ ಹೋದಾಗ ಪೊಲೀಸರಿಗೆ ಯಾರೂ ಹೇಳಿರಲಿಲ್ಲ. ಬಂಡೆ ಕೀಳುವ ಯಂತ್ರ ಮಾತ್ರ ಬಂದು ನಿಂತಿತ್ತು.

ಮೇಡಂ ತಾವೇ ಪೊಲೀಸ್ ಠಾಣೆಗೆ ಫೋನ್ ಮಾಡಿದರು. ನಮ್ಮೆಲ್ಲರನ್ನೂ ದೂರದ ಬೇವಿನ ಮರದ ಹಿಂದೆ ನಿಲ್ಲಿಸಿದರು. ನಾನೂ ಬರುತ್ತೇನೆ ಎಂದೆ. "ನಿಮ್ಮಪ್ಪನಿಗೆ ನಾನು ಉತ್ತರ ಹೇಳ್ಬೇಕು, ನಿಂತ್ಕೊಳ್ಳಿ," ಎಂದು ಗದರಿದರು. ಉದ್ದನೆಯ ಬಿದಿರು ಗಳದ ತುದಿಗೆ ಹತ್ತಿ ಸುತ್ತಿ, ಅಸಿಟೋನಿನಲ್ಲಿ ಅದ್ದಿ, ಬಂಡೆಯ ಮರೆಯಲ್ಲಿ ನಿಂತು ಒಂದೊಂದು ಕುಳಿಯ ಬಾಯಿಯನ್ನು ಮಾತ್ರ ಹಗುರಾಗಿ ಸವರಿ ತಂದರು. ಆರು ಸಲ ಹೋದರು, ಆರು ಸಲ ಬಂದರು. ಆ ಒಂದು ಗಂಟೆ ನಾನು ಅವರ ಚಪ್ಪಲಿಯ ಕೆಳಗೆ ಜಲ್ಲಿ ಸರಿಯುವ ಸದ್ದನ್ನೇ ಆಲಿಸುತ್ತ ನಿಂತಿದ್ದೆ.

ಪೆಟ್ಟಿಗೆಯೊಳಗೆ ಐದು ಕಾಗದ ಹೊಳೆದವು. ಆರನೆಯದು ಆರಿತು. ವೈರು ಕಂಡ ಕುಳಿ ಅದೇ.

ಕೆಲಸ ಹಿಡಿದಿದ್ದ ಕಂಟ್ರಾಕ್ಟರನಿಗೆ ಆನಂದವಾಯಿತು. "ಬಾಳಾ ಉಪ್ಕಾರ ಆಯ್ತು ಮೇಡಂ. ಅದೊಂದ್ನ ಪೊಲೀಸ್ನೋರು ಬಂದು ನೋಡ್ಕಳ್ಳಿ. ಮಿಕ್ಕಿದ್ದೈದು ಸೇಫು ಅಂತ ಒಂದು ಚೀಟಿ ಬರ್ಕೊಡಿ, ಆ ಕಡೆಯಿಂದ ಕೆಲ್ಸ ಶುರು ಮಾಡ್ಕತೀವಿ."

ಮೇಡಂ ಚೀಟಿ ಬರೆದರು. ಅವನು ಓದಿ ಮುಖ ಗಂಟಿಕ್ಕಿದ. 'ಆರನೆಯ ಕುಳಿಯಲ್ಲಿ ಸ್ಫೋಟಕ ಇದೆ. ಉಳಿದ ಐದರಲ್ಲಿ ನನ್ನ ಕಾಗದಕ್ಕೆ ಏನೂ ಕಾಣಲಿಲ್ಲ' ಎಂದಿತ್ತು.

"ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ತಾನೇ ಮೇಡಂ?"

"ಅಲ್ಲ."

"ಮತ್ತೆ ನಿಮ್ ಕಾಗದ ಇರೋದ್ಯಾಕೆ?"

"ನನ್ನ ಕಾಗದ ಇದೆ ಅಂದ್ರೆ ನಂಬಿ. ಸುಮ್ನಿದ್ರೆ ನಂಬಬೇಡಿ. ಮದ್ದಿನಲ್ಲಿ ಹತ್ತಾರು ಥರ ಇದೆ. ಕೆಲವಕ್ಕೆ ಮಾತ್ರ ಇದು ಆರುತ್ತೆ. ಮಿಕ್ಕವು ಇದರ ಪಕ್ಕದಲ್ಲೇ ಕೂತಿದ್ರೂ ಇದಕ್ಕೆ ಗೊತ್ತಾಗಲ್ಲ."

ಹನ್ನೆರಡು ವರ್ಷ ಕೂತು ತಾವೇ ಮಾಡಿದ ಕಾಗದದ ಬಗ್ಗೆ, ಅಷ್ಟು ಜನರೆದುರು, ಅದು ಗೆದ್ದ ಗಳಿಗೆಯಲ್ಲೇ ಅವರು ಹೀಗೆ ಹೇಳಿದರು. ಕಂಟ್ರಾಕ್ಟರನಿಗೆ ರೇಗಿತು. "ಪಾಠ ಎಲ್ಲ ಕಾಲೇಜಲ್ಲಿ ಮಾಡ್ಕಳ್ಳಿ" ಎಂದು ಯಂತ್ರದವನಿಗೆ ಕೈ ಮಾಡಿದ. ಯಂತ್ರ ಗುರುಗುಟ್ಟಿತು.

ಮೇಡಂ ಕೊಡೆ ಬಿಚ್ಚಿದರು. ಯಂತ್ರದ ಮುಂದೆ ಹೋಗಿ, ಒಂದು ಕಲ್ಲಿನ ಮೇಲೆ, ಬಸ್ಸಿಗೆ ಕಾಯುವವರ ಹಾಗೆ ಕೂತುಬಿಟ್ಟರು. ನಾನೂ ಓಡಿಹೋಗಿ ಪಕ್ಕದಲ್ಲಿ ಕೂತೆ. ಈ ಸಲ ಗದರಲಿಲ್ಲ. ಕೊಡೆಯನ್ನು ನನ್ನ ಕಡೆಗೆ ಸ್ವಲ್ಪ ವಾಲಿಸಿದರು.

"ಅಮ್ಮಾ, ಎದ್ದೇಳ್ರಮ್ಮಾ," ಎಂದ ಯಂತ್ರದವನು.

"ನಿಮಗೆ ಮಕ್ಕಳಿದಾರಾ?" ಎಂದರು ಮೇಡಂ.

"ಎರಡವ್ರೆ."

"ಅಲ್ಲಿ ಮೊದಲು ಹೋಗೋದು ಯಾರು? ನೀವಾ, ಕಂಟ್ರಾಕ್ಟರಾ?"

ಅವನು ಕಂಟ್ರಾಕ್ಟರನತ್ತ ತಿರುಗಿ ನೋಡಿದ. ಆಮೇಲೆ ಎಂಜಿನ್ ಆರಿಸಿ, ಕೆಳಗಿಳಿದು, ಬೇವಿನ ಮರದ ಕೆಳಗೆ ಹೋಗಿ ಕೂತ. ಕಂಟ್ರಾಕ್ಟರು ಏನೇನು ಕೂಗಾಡಿದರೂ ಏಳಲಿಲ್ಲ.

ಮಧ್ಯಾಹ್ನ ಪೊಲೀಸರು ಬಂದು ಹಗ್ಗ ಕಟ್ಟಿದರು. ಮರುದಿನ ಬಾಂಬ್ ನಿಷ್ಕ್ರಿಯ ದಳದವರು ಬಂದರು. ಅವರು ಹೊರತೆಗೆದದ್ದು ಎರಡು. ಒಂದು ಆರನೆಯ ಕುಳಿಯದು. ಇನ್ನೊಂದು ಎರಡನೆಯದರಲ್ಲಿ, ಆಳದಲ್ಲಿ ಮಣ್ಣು ಮುಚ್ಚಿಕೊಂಡು ಕೂತಿತ್ತು. ಬೇರೆ ಜಾತಿಯದು. ನಮ್ಮ ಕಾಗದ ಅದರ ಮುಂದೆ ಜಗಮಗ ಹೊಳೆದಿತ್ತು. ಯಂತ್ರ ಮೊದಲು ಬಾಯಿ ಹಾಕಬೇಕಾಗಿದ್ದುದು ಆ ಎರಡನೆಯ ಕುಳಿಯ ಕಡೆಯಿಂದಲೇ.

ಸುದ್ದಿ ತಿಳಿದ ಸಂಜೆ ನಾನು ಮೇಡಂ ಜೊತೆ ಅವರ ಮನೆಗೆ ಹೋದೆ. ಚಿಕ್ಕಪ್ಪ ಜಗಲಿಯಲ್ಲಿ ಕಾದು ಕೂತಿದ್ದರು.

"ಎಷ್ಟಿದ್ವು?"

"ಎರಡು ಚಿಕ್ಕಪ್ಪ."

"ಕಾಗ್ದಕ್ಕೆ ಎಷ್ಟು ಕಾಣ್ತು?"

"ಒಂದು."

"ಅಂಗಾರೆ ಇನ್ನೊಂದ್ನ ಕಂಡೋರ್ಯಾರು?"

ಮೇಡಂ ಚಿಕ್ಕಪ್ಪನ ಕಾಲ ಬಳಿ ಕೂತು, ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನೀನು," ಎಂದರು.

ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ಪಿಎಚ್‌ಡಿ ಮುಗಿದು ನನಗೆ ಹೊಳೆನರಸೀಪುರದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಹೊರಡುವ ದಿನ ಅವರು ಉಪದೇಶ ಏನೂ ಮಾಡಲಿಲ್ಲ. "ಹುಡುಗ್ರು ತಪ್ಪು ಉತ್ತರ ಬರೆದ್ರೆ ಅದನ್ನ ಮೊದಲು ಓದಿ," ಎಂದಷ್ಟೇ ಹೇಳಿದರು. ಇವತ್ತು ನನ್ನ ಬಳಿ ಒಂದಿಷ್ಟು ವಿವೇಕ, ಒಂದಿಷ್ಟು ತಾಳ್ಮೆ ಇದ್ದರೆ ಅದು ಅವರ ಪುಸ್ತಕದ ಸೋಲಿನ ಪುಟಗಳನ್ನು ನಕಲು ಮಾಡಿ ಬಂದದ್ದು.

ನಿವೃತ್ತಿಗೆ ಎಂಟು ತಿಂಗಳಿರುವಾಗ ಮೇಡಂ ಹೋಗಿಬಿಟ್ಟರು. ಬೆಳಿಗ್ಗೆ ಚಿಕ್ಕಪ್ಪನ ಕೈಗೆ ಕಾಫಿ ಲೋಟ ಕೊಟ್ಟು, ಬತ್ತೀನಿ ಎಂದು ಹೇಳಿ, ಕಾಲೇಜಿಗೆ ಹೊರಟವರು ಬಾಗಿಲಲ್ಲೇ ಕುಸಿದರು. ಹೃದಯ. ನಾನು ಓಡಿ ಬಂದಾಗ ಚಿಕ್ಕಪ್ಪ ಅದೇ ಜಗಲಿಯಲ್ಲಿ, ಅದೇ ಲೋಟ ಹಿಡಿದು ಕೂತಿದ್ದರು. "ಒಂದ್ ಚಪ್ಲಿ ಮೆಟ್ಟಿದ್ ಸದ್ದು ಕೇಳ್ತು ಕಣವ್ವ," ಎಂದರು. "ಇನ್ನೊಂದು ಕೇಳ್ಳೇ ಇಲ್ಲ."

ಅರಕಲಗೂಡಿನ ಹತ್ತಿರದ ಅವರ ಊರಿನಲ್ಲಿ ಮಣ್ಣು ಮಾಡಿದರು. ಕಾಲೇಜಿನವರು, ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಯಂತ್ರ ಓಡಿಸುವವನು ಎರಡೂ ಮಕ್ಕಳನ್ನು ಕರೆದುಕೊಂಡು ಬಂದು, ಹಿಂದೆ ನಿಂತಿದ್ದ.

ಕಾರ್ಯ ಮುಗಿದ ದಿನ ಸಂಜೆ ಚಿಕ್ಕಪ್ಪ ನನ್ನನ್ನು ಹತ್ತಿರ ಕರೆದರು.

"ನೀ ಅವಳ್ ಜೊತೆ ಎಷ್ಟು ವರ್ಸ ಇದ್ದೆ?"

"ಒಂಬತ್ತು ವರ್ಷ ಚಿಕ್ಕಪ್ಪ."

"ಅಂಗಾರೆ ಚೆನ್ನಾಗಿ ನೋಡಿರ್ತೀಯ. ಎಂಗಿದ್ಲು, ಯೋಳು."

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು: "ನಾ ಅವಳ್ ಮಕ ನೋಡಿದ್ದು ಏಳ್ ವರ್ಸದ ಮಗು ಆಗಿದ್ದಾಗ್ಲೇ ಕೊನೆ. ಎರಡು ಜಡೆ. ಮುಂದಲ ಎರಡಲ್ಲು ಬಿದ್ದಿದ್ವು. ಆಮೇಕೆ ಡಾಕ್ಟರೇಟು ಮಾಡಿದ್ಲು, ಮೇಡಂ ಆದ್ಲು, ತಲೆ ನೆರೀತು ಅಂದ್ರು. ಅವಳು ಮಾತಾಡಿದ್ರೆ ನಂಗೆ ಇವತ್ಗೂ ಆ ಬೊಚ್ಚು ಮಗಾನೇ ಕಾಣಾದು. ನೀ ಈಗ ಎಂಗಿದ್ದೀಯ ಅಂತ ಅವಳ್ನೇ ಕೇಳಾನ ಅಂದ್ರೆ, ಎಲ್ಲಿ ನೊಂದ್ಕತಾಳೋ ಅಂತ ಕೇಳ್ಲಿಲ್ಲ."

ನಾನು ಹೇಳತೊಡಗಿದೆ. ಅವರು ಕೈಯನ್ನು ಗಾಳಿಯಲ್ಲಿ ಎತ್ತಿ, "ಇಷ್ಟುದ್ದ ಇದ್ಲಾ?" ಎಂದರು. ನಾನು ಆ ಕೈಯನ್ನು ಹಿಡಿದು ಇನ್ನೂ ಒಂದು ಗೇಣು ಮೇಲೆತ್ತಿದೆ. ಬೈತಲೆಯ ಹತ್ತಿರ ನೆರೆತ ಕೂದಲಿಗೆ ಅವರು ಬಣ್ಣ ಹಚ್ಚುತ್ತಿರಲಿಲ್ಲ ಎಂದೆ. ಕನ್ನಡಕ ಯಾವಾಗಲೂ ಮೂಗಿನ ತುದಿಗೆ ಜಾರುತ್ತಿತ್ತು, ಪುಸ್ತಕದ ಚೀಲ ಹೊತ್ತು ಹೊತ್ತು ಎಡ ಭುಜ ಒಂಚೂರು ಇಳಿದಿತ್ತು ಎಂದೆ. ಅವರು ಒಂದೊಂದಕ್ಕೂ ಹೂಂಗುಟ್ಟಿದರು.

"ನಗ್ತಿದ್ಲಾ?"

"ನಗ್ತಿದ್ರು ಚಿಕ್ಕಪ್ಪ. ಬಾಯಿಗಿಂತ ಮುಂಚೆ ಕಣ್ಣು ನಗ್ತಿತ್ತು."

"ಅಲ್ಲು?"

"ಬಂದಿದ್ವು," ಎಂದೆ. "ಎರಡೂ ಬಂದಿದ್ವು. ನೆಟ್ಟಗೆ, ಬೆಳ್ಳಗೆ, ಸಾಲಾಗಿ."

ಅವರು ತಲೆದೂಗಿದರು. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ನನ್ನತ್ತ ಇನ್ನಷ್ಟು ಸರಿದು ಕೂತರು.

"ಇನ್ನೂ ಯೋಳವ್ವ," ಎಂದರು.